ರೇಡಿಯೋದ ಮುಂದೆ ಕರೆವ್ವ

ಎರಡನೆಯ ಮಹಾಯುದ್ಧದ ಕಾಲ. ಗೋಕಾಕದ ಪೇಟೆಯಲ್ಲಿ ರಾವಸಾಹೇಬರ ರೇಡಿಯೋ ಅಂಗಡಿಯಿತ್ತು. ಬ್ಯಾಟರಿ ರೇಡಿಯೋ ಮಾರಲು ಅವರು ಮುರಿಗೆಪ್ಪನೆಂಬ ತರುಣನನ್ನು ಇಟ್ಟುಕೊಂಡಿದ್ದರು. ಜನ ಬಂದು ನೋಡುತ್ತಿದ್ದರೇ ಹೊರತು ಕೊಳ್ಳುತ್ತಿರಲಿಲ್ಲ. ಮುರಿಗೆಪ್ಪ ಒಂದು ಉಪಾಯ ಮಾಡಿದ. ಸಂತೆಯ ದಿನ ರೇಡಿಯೋವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ಮೇಲೆ ದೊಡ್ಡದೊಂದು ಬೋರ್ಡು ತೂಗುಹಾಕಿದ: 'ಯುದ್ಧಕ್ಕೆ ಹೋದ ನಿಮ್ಮವರ ಸುದ್ದಿ ಕೇಳಿರಿ.'

ಬೋರ್ಡನ್ನು ಯಾರೋ ಓದಿ ಹೇಳಿದರೆಂದು ಅಂಕಲಗಿಯ ಕರೆವ್ವ ಬಂದಳು. ಅವಳ ಮಗ ಹನಮಂತ ಪಲ್ಟನ್ನು ಸೇರಿದ್ದ; ಸೊಸೆ ಶಿವವ್ವ ಮನೆಯಲ್ಲಿ ತುಂಬು ಬಸುರಿ. ಏಳು ತಿಂಗಳಿಂದ ಕಾಗದವಿರಲಿಲ್ಲ.

"ತಮ್ಮಾ, ನಮ್ಮ ಹನಮಂತ ಇದರಾಗ ಮಾತಾಡ್ತಾನೇನು?"

ಇಲ್ಲವೆಂದರೆ ಸುತ್ತಲಿನವರೂ ಎದ್ದು ಹೋದಾರೆಂದು ಮುರಿಗೆಪ್ಪನಿಗೆ ಅಳುಕಾಯಿತು. "ಕೇಳ್ಕೋತ ಕುಂದ್ರ ಯವ್ವಾ. ಯಾವಾಗರ ಬರಬಹುದು" ಎಂದ.

ಮುಂದಿನ ಸಂತೆಗೂ ಬಂದಳು. ಆ ದಿನ ರೇಡಿಯೋದ ಹತ್ತಿರ ಬಾಗಿ, "ಹನಮಂತಾ, ನಮ್ಮ ಎಮ್ಮಿ ಈದೇತಪಾ" ಎಂದು ಕೂಗಿದಳು. ಜನ ನಕ್ಕರು, ಇನ್ನಷ್ಟು ಜನ ಕೂಡಿದರು. ಅಂದು ಎರಡು ರೇಡಿಯೋ ಹೋದವು. "ಆ ಮುದುಕಿನ್ನ ಪ್ರತಿ ಸಂತಿಗೂ ಮುಂದ ಕುಂದ್ರಸು" ಎಂದು ರಾವಸಾಹೇಬರು ಹೇಳಿದರು. ಮುರಿಗೆಪ್ಪ ಅವಳಿಗೊಂದು ಮಣೆ ತಂದಿಟ್ಟ.

ನಾಲ್ಕನೆಯ ಸಂತೆಗೆ ಬಂದ ಕರೆವ್ವ ಕೂಗಲಿಲ್ಲ. ಬಾಯಿಗೆ ಸೆರಗು ಹಿಡಿದು, ರೇಡಿಯೋಕ್ಕೆ ಮುಖ ತಾಗಿಸಿ ಹೇಳತೊಡಗಿದಳು. "ಶಿವವ್ವ ಹಡದಳಪಾ. ಹೆಣ್ಣು. ಒಂಬತ್ತು ದಿನ ಇತ್ತು, ಹೋತು. ನಿನ್ನಂಗ ಹಣಿ ಇತ್ತು. ನೀ ಎದಿ ಒಡಕೋಬ್ಯಾಡ. ಶಿವವ್ವನ್ನ ನಾ ನೋಡ್ಕೋತೇನಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುರಿಗೆಪ್ಪ ರೇಡಿಯೋ ಬಂದ್ ಮಾಡಿದ.

"ಯವ್ವಾ, ಇದರಾಗ ಅಲ್ಲಿಂದು ಇಲ್ಲಿ ಕೇಳಸ್ತೈತಿ. ಇಲ್ಲಿಂದು ಅಲ್ಲಿ ಕೇಳಸೂದಿಲ್ಲ. ಹನಮಂತನೂ ಇದರಾಗ ಬರಾಂವಲ್ಲ, ನಾ ನಿನಗ ಸುಳ್ಳ ಹೇಳಿದೆ."

ಕರೆವ್ವ ಅವನನ್ನೇ ನೋಡಿದಳು. "ಹಂಗಾರ ಇಷ್ಟ ದಿನ ಹೇಳಿದ್ದು ಯಾರೂ ಕೇಳೇ ಇಲ್ಲೇನು?"

ರೇಡಿಯೋ ಕೊಳ್ಳಲೆಂದು ಬಂದಿದ್ದ ಗೌಡರೊಬ್ಬರು ಬೋರ್ಡಿನ ಕಡೆಗೊಮ್ಮೆ ನೋಡಿ ಹೊರಟೇಬಿಟ್ಟರು. ರಾವಸಾಹೇಬರು ಕಟ್ಟೆಗೆ ಬಂದು ಮುರಿಗೆಪ್ಪನಿಗೆ, "ನಾಳಿಯಿಂದ ಕೆಲಸಕ್ಕ ಬರಬ್ಯಾಡ" ಎಂದರು.

ಮುರಿಗೆಪ್ಪ ಎದ್ದು ಹೊರಟಿದ್ದ ಕರೆವ್ವನ ಹಿಂದೆಯೇ ಓಡಿ, ಅವಳ ಚಕ್ಕಡಿಯ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದ. ಕಾಗದ ಬರೆಯುತ್ತೇನೆಂದ. ಪಲ್ಟನ್ನಿನ ವಿಳಾಸವಿದ್ದ ಹಳೆಯ ಲಕೋಟೆಯೊಂದು ಅವಳ ಸೊಂಟದ ಚೀಲದಲ್ಲೇ ಇತ್ತು. ಎಮ್ಮೆಯದು, ಬೆಳೆಯದು ಎಲ್ಲ ಹೇಳಿದಳು. ಕೂಸಿನ ಮಾತು ಬಂದಾಗ ನಿಂತಳು.

"ಅದನ್ನ ಮತ್ತೊಮ್ಮಿ ಹೆಂಗ ಹೇಳ್ಲಿ ತಮ್ಮಾ?"

"ಹೇಳಬ್ಯಾಡ ಯವ್ವಾ. ನಾ ಕೇಳೇನಿ."

ಅವಳು ರೇಡಿಯೋಕ್ಕೆ ಹೇಳಿದ್ದನ್ನೆಲ್ಲ, ಆ ಹಣೆಯ ಮಾತನ್ನೂ ಬಿಡದೆ, ಅವನು ಬರೆದ.

ಮುಂದೆ ಅವನಿಗೆ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಮೂರು ತಿಂಗಳಾದ ಮೇಲೆ ಕರೆವ್ವ ಅವನನ್ನು ಹುಡುಕಿಕೊಂಡು ಗಿರಣಿಯ ಗೇಟಿಗೆ ಬಂದಳು. ಕೈಯಲ್ಲಿ ಕಾಗದವಿತ್ತು. ಊರಿನ ಮಾಸ್ತರರಿಂದ ಓದಿಸಿರಲಿಲ್ಲ. ಅವನೇ ಓದಬೇಕೆಂದಳು.

ಹನಮಂತ ಬದುಕಿದ್ದ. ಕಾಲಿಗೆ ಗಾಯವಾಗಿ ದವಾಖಾನೆಯಲ್ಲಿದ್ದ. ಕೊನೆಯ ಸಾಲನ್ನು ಮುರಿಗೆಪ್ಪ ನಿಧಾನವಾಗಿ ಓದಿದ: 'ಕೂಸಿಗೆ ಏನು ಹೆಸರು ಇಟ್ಟಿದ್ದಿರಿ?'

ಹೆಸರಿಡುವ ದಿನದವರೆಗೂ ಆ ಕೂಸು ಉಳಿದಿರಲಿಲ್ಲ. ಕರೆವ್ವ ಗೇಟಿನ ಬಾಜೂಕಿನ ಕಲ್ಲಿನ ಮೇಲೆ ಕುಳಿತಳು. ಪಾಳಿ ಬಿಟ್ಟ ಜನರೆಲ್ಲ ದಾಟಿಹೋದರು.

"ಕೂಸಿನ ಹೆಸರ ಅಲ್ಲವ್ವ ಅಂತ ಬರಿ" ಎಂದಳು ಕೊನೆಗೆ. "ಶಿವವ್ವಗ ನಾ ಮನಿಗೆ ಹೋಗಿ ಹೇಳ್ತೇನಿ."