ಸಪ್ಪಳವಿಲ್ಲದ ಬ್ರೆಡ್ಡು

ಜಾಸ್ತಿ ನಾದಬಾರದು, ಅಷ್ಟೇ. ಉಳಿದದ್ದೆಲ್ಲ ಸಲೀಸು.

"ಸುಮ್ನೆ ಮುಟ್ಟಿ ಬಿಟ್ಬಿಡಿ ಫ್ರೆಂಡ್ಸ್, ನಾದಿದ್ರೆ ಕಲ್ಲಾಗುತ್ತೆ," ಎಂದಳು ಮೊಬೈಲಿನೊಳಗಿನ ಹೆಂಗಸು.

"ಕಲ್ಲಾಗುತ್ತೆ ಫ್ರೆಂಡ್ಸ್," ಎಂದ ಬಸವಲಿಂಗ, ಅವಳದೇ ಬೆಂಗಳೂರು ಮೂಗಿನಲ್ಲಿ. ಅನ್ನಬೇಕೆಂದು ಅಂದದ್ದಲ್ಲ. ಬಾಯಿ ತಾನಾಗಿಯೇ ಅಂದಿತು. ಅಡುಗೆಮನೆಯಲ್ಲಿ ಕೇಳಿ ನಗುವವರು ಯಾರೂ ಇರಲಿಲ್ಲ. 

ಪರಾತದಲ್ಲಿ ಮೈದಾ ಇತ್ತು. ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ, ಒಣದ್ರಾಕ್ಷಿ, ಬೀಜ ತೆಗೆದು ಹೆಚ್ಚಿದ ಉತ್ತತ್ತಿ, ಬೇಕರಿಯಿಂದ ತಂದ ಕೆಂಪು ಹಸಿರು ಹಣ್ಣಿನ ಚೂರು. ಇನ್ನು ಸೋಡಾ ಹಾಕಿ ಹುಳಿಮಜ್ಜಿಗೆ ಸುರಿದು ಕಲಸಿದರೆ ಮುಗಿಯಿತು. ಒಲೆಯ ಮೇಲೆ ಸೀಟಿ, ರಬ್ಬರು ಎರಡೂ ಕಳಚಿದ ಕುಕ್ಕರು ತಳದಲ್ಲಿ ಉಪ್ಪು ಹಾಸಿಕೊಂಡು ಕಾಯುತ್ತಿತ್ತು. ಒಂದು ಆದಿತ್ಯವಾರ ನಾಷ್ಟಾಕ್ಕೆ ಈ ಹಣ್ಣಿನ ಬ್ರೆಡ್ಡು ಮಾಡಬೇಕೆಂದು ಗುರುದೇವಿ ಆಸೆಪಟ್ಟಿದ್ದಳು. ಇವತ್ತು ಆದಿತ್ಯವಾರವೇ. ಗುರುದೇವಿ ಮಾತ್ರ ಸುರಪುರದಲ್ಲಿದ್ದಳು, ತವರಿನಲ್ಲಿ.

ಮುಂಜಾನೆ ಬಸ್ಸಿಗೆ ಬರುತ್ತಾಳೆ, ಅಣ್ಣ ಮರಿಲಿಂಗನ ಜೊತೆ, ಬಟ್ಟೆಬರೆ ಒಯ್ಯಲು. ಹಾಗೆಂದು ಮೆಸೇಜು ಬಂದಿತ್ತು. ಬಿಸಿ ಬ್ರೆಡ್ಡಿನ ವಾಸನೆ ಅವಳನ್ನು ಹೊಸ್ತಿಲಲ್ಲೇ ಹಿಡಿದು ನಿಲ್ಲಿಸೀತು. ಕೂತಾಳು. ಚಹಾದೊಂದಿಗೆ ಒಂದು ತುಂಡು ಬಾಯಿಗಿಟ್ಟಾಳು. ಬಾಯಲ್ಲಿ ತುತ್ತಿಟ್ಟುಕೊಂಡು ಯಾರೂ ಮನೆ ಬಿಟ್ಟು ಹೋಗುವುದಿಲ್ಲ ಎಂಬ ಲೆಕ್ಕ ಅವನದು.

ಸೋಡಾದ ಚಮಚ ಎತ್ತಿದಾಗ ಗಂಡ ಹೆಂಡಿರ ಸಂಬಂಧ ಹರಿಯುವ 'ಸೋಡಚೀಟಿ' ಎಂಬ ಮಾತು ನಾಲಿಗೆಯ ತುದಿಗೆ ತಾನೇ ಬಂದು ನಿಂತಿತು. ಬೇರೆ ದಿನವಾಗಿದ್ದರೆ ಸ್ಟಾಫ್‌ರೂಮಿನಲ್ಲಿ ನಾಲ್ಕು ಮಂದಿಯನ್ನು ಕುರ್ಚಿಯಿಂದ ಬೀಳಿಸುವಂಥ ಮಾತು. ಇವತ್ತು ಚಮಚ ಪರಾತದ ಅಂಚಿಗೆ ತಗುಲಿ ಅರ್ಧ ಸೋಡಾ ಕಟ್ಟೆಯ ಮೇಲೆ ಚೆಲ್ಲಿತು.

ಶಹಾಪುರದ ಕಾಲೇಜೊಂದರಲ್ಲಿ ಅವನು ಹೇಳುವುದು ಇತಿಹಾಸ; ಹೆಸರಾದದ್ದು ಮಿಮಿಕ್ರಿಗೆ. ಗೊಗ್ಗರು ದನಿಯ ಪ್ರಿನ್ಸಿಪಾಲರು, ಬಸ್‌ಸ್ಟ್ಯಾಂಡಿನ ಅನೌನ್ಸರು, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಟಿಕೆಟ್ಟು ಕೊಡುವ ಗುರುಮಠಕಲ್ ಕಂಡಕ್ಟರು, ಈಯಲು ಬಂದ ಎಮ್ಮೆ. ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಯಿಲ್ಲದೆ ಇದ್ದರು.

ನಿನ್ನೆ ಸಂಜೆ ಗುರುದೇವಿ ತೀರಿಹೋದ ತನ್ನಪ್ಪ ಸಂಗಣ್ಣನ ಮೊಬೈಲು ಹಿಡಿದು ಕೂತಿದ್ದಳು. ಅಪ್ಪನ ದನಿ ಉಳಿದದ್ದು ಅದರಲ್ಲಿ ಮಾತ್ರ. ಮೊಬೈಲು ಹೊತ್ತಿಕೊಳ್ಳಲಿಲ್ಲ. ಅವಳ ಗದ್ದ ನಡುಗತೊಡಗಿತು. ಯಾರಾದರೂ ಅತ್ತರೆ ಬಸವಲಿಂಗನಿಗೆ ಕೈಕಾಲು ಆಡುತ್ತಿರಲಿಲ್ಲ. ಬಾಯಿ ಆಡುತ್ತಿತ್ತು.

"ಏನವ್ವಾ ಗುರೂ, ಉಂಡೇನು?"

ದವಡೆಯಲ್ಲಿ ಎಲೆ ಅಡಿಕೆ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎಳೆದು ಬರುವ ರಾಗ, ಕೊನೆಗೊಂದು ಸಣ್ಣ ಕೆಮ್ಮು. ಸಂಗಣ್ಣನೇ.

"ಇಲ್ಲಪ್ಪ," ಎಂದಳು ಗುರುದೇವಿ. ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಳು. "ಅಪ್ಪಾ, ಈ ಮನ್ಯಾಗ ಬಾಳ ಮಂದಿ ಅದಾರ. ಇವರೊಬ್ಬರೇ ಇಲ್ಲ. ನನಗ ಅಂಜಿಕಿ ಬರ್ತದ."

ಇದಕ್ಕೆ ಸಂಗಣ್ಣ ಏನೆನ್ನುತ್ತಿದ್ದ? ಮಾವ ಆಡಿದ್ದನ್ನು ಅವನು ಆಡಬಲ್ಲ, ಆಡದಿದ್ದುದನ್ನು ಎಲ್ಲಿಂದ ತರುವುದು? ಬಾಯಿ ತೆರೆದು ನಿಂತ. ಗುರುದೇವಿ ಕಣ್ಣು ಬಿಟ್ಟು ತಿರುಗಿದಾಗ ಕಂಡದ್ದು ಆ ತೆರೆದ ಬಾಯಿ. ಕತ್ತಲಾಗುವ ಮುಂಚೆ ಅವಳು ಬಸ್ಸು ಹತ್ತಿದ್ದಳು.

ಮಜ್ಜಿಗೆ ಸುರಿದ. ಹಿಟ್ಟು ಸುಯ್ ಎಂದು ಉಸಿರು ಬಿಟ್ಟಿತು.

"ಗುರುದೇವೀ."

ಬಸವಲಿಂಗ ನಿಂತಲ್ಲೇ ಕುಗ್ಗಿದ. ಕಾಂಪೌಂಡಿನಾಚೆ ಪಕ್ಕದ ಮನೆಯ ಹಣಮಂತಮ್ಮ. ಕಣ್ಣು ಮಂಜಾದ ಮುದುಕಿ. ಅದಕ್ಕೇ ಓಣಿಯನ್ನೆಲ್ಲ ಕಿವಿಯಲ್ಲೇ ಕಾಯುತ್ತಿದ್ದಳು.

"ಏ ಗುರುದೇವೀ, ಯಾಕವ್ವ, ಇವತ್ತ ರೊಟ್ಟಿ ಸಪ್ಪಳ ಇಲ್ಲ?"

ಈ ಓಣಿಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದ. ಒಂದೊಂದು ಮನೆಗೆ ಒಂದೊಂದು ಕೈ. ಗುರುದೇವಿಯದು ಎರಡು ಹಗುರ, ಒಂದು ಭಾರ. ಸಪ್ಪಳ ಕೇಳದ ಮನೆಯಲ್ಲಿ ಒಂದೋ ಸಾವಾಗಿರಬೇಕು, ಇಲ್ಲವೇ ಹೆಂಗಸು ಇಲ್ಲದಿರಬೇಕು. ಎರಡಕ್ಕೂ ಮಂದಿ ವಿಚಾರಿಸಲು ಬರುತ್ತಾರೆ. ಬ್ರೆಡ್ಡಿಗೆ ಸಪ್ಪಳವಿಲ್ಲ ಎಂಬುದನ್ನು ಮೊಬೈಲಿನ ಹೆಂಗಸು ಹೇಳಿರಲಿಲ್ಲ.

ಊರಿಗಿ ಹೋಗ್ಯಾಳ್ರಿ. ಇಷ್ಟೇ ಅಂದರೆ ಸಾಕಿತ್ತು. ಯಾರ ದನಿಯಲ್ಲಿ? ಗಂಟಲಿಗೆ ಕೈ ಹಾಕಿದಂತೆ ತಡಕಾಡಿದ. ಪ್ರಿನ್ಸಿಪಾಲರು ಸಿಕ್ಕರು. ಕಂಡಕ್ಟರು ಸಿಕ್ಕ. ಎಮ್ಮೆ ಸಿಕ್ಕಿತು.

"ಬಾಗಿಲಕ ಬರಲೇನ?" ಎಂದಳು ಹಣಮಂತಮ್ಮ.

"ಬ್ಯಾಡ್ರಿ ಅತ್ತಿ, ಈಗ ಹಿಟ್ಟ ಕಲಸಾಕತ್ತೇನಿ."

ಅದು ಗುರುದೇವಿಯ ದನಿ, ಬಂದದ್ದು ಅವನ ಬಾಯಿಂದ. ಅವಳೇ ಬಂದಳೇನೋ ಎಂದು ಅವನೇ ಒಂದು ಗಳಿಗೆ ಹಿಂದಿರುಗಿ ನೋಡಿದ.

"ನಿನ್ನ ಗಂಡ?"

"ಮಲಗ್ಯಾರ."

"ಮಲಗಲಿ ಬಿಡು. ಎದ್ದರ ಮನ್ಯಾಗ ಕೆಂಭಾವಿ ಸಂತಿ." ಮುದುಕಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಹೇಳಿದೇನು ಅವಗ?"

"ಏನ್ರಿ?"

"ಏನಂತ ಏನ ಕೇಳ್ತಿ? ನಳದ ಹತ್ತಿರ ಅಷ್ಟು ಅತ್ತಿ, ನಿನಗ ಮರತದೇನು?"

"ಇಲ್ರಿ. ಹೇಳಿಲ್ಲ."

"ಹೇಳಬ್ಯಾಡ. ಹೇಳಿದ್ರ ಅದನ್ನೂ ಮಾಡಿ ತೋರಸ್ತಾನ. ನಾಲ್ಕ ಮಂದಿ ನಗತಾರ."

ಏನು ಹೇಳಬೇಕಿತ್ತು ಅವಳು? ರೋಗವೇ, ಬಸಿರೇ, ಇನ್ನೊಬ್ಬನೇ? ಕೇಳುವಂತಿರಲಿಲ್ಲ. ಗುರುದೇವಿಗೆ ಅದು ಗೊತ್ತಿರಲೇಬೇಕಲ್ಲ. ಹೆಂಡತಿಯ ಗುಟ್ಟಿಗೂ ಅವನಿಗೂ ನಡುವೆ, ಅವನ ಬಾಯೊಳಗೆ, ಹೆಂಡತಿಯೇ ಅಡ್ಡ ನಿಂತಿದ್ದಳು.

"ಮಾತಿನ್ಯಾಗ ನಿಂತಿ. ರೊಟ್ಟಿ ಬಡಿ," ಎಂದಳು ಹಣಮಂತಮ್ಮ. ಹೋಗಲಿಲ್ಲ. ಅವಳ ಉಸಿರು ಗೋಡೆಯ ಹಿಂದೆಯೇ ಇತ್ತು.

ಬಸವಲಿಂಗ ಹಿಟ್ಟನ್ನು ಕಟ್ಟೆಯ ಫರಸಿಕಲ್ಲಿನ ಮೇಲೆ ಕೆಡವಿ ಬಡಿದ. ಎರಡು ಹಗುರ, ಒಂದು ಭಾರ. ದಿನಾ ಬೆಳಗ್ಗೆ ಕೇಳಿದ ಸಪ್ಪಳ. ಬಡಿಯುವ ಕೈಯನ್ನು ಒಂದು ದಿನವೂ ಕೂತು ನೋಡಿದವನಲ್ಲ. ಹಿಟ್ಟು ಅಂಗೈಗೆ ಜೋತುಬಿತ್ತು. ದ್ರಾಕ್ಷಿ ಒಡೆದು ಕಪ್ಪಗೆ ಬಳಿದುಕೊಂಡಿತು. ಕೂಡಿಸಿದ, ಬಡಿದ, ಮತ್ತೆ ಕೂಡಿಸಿದ. ಕಲ್ಲಾಗುತ್ತದೆಂದು ಗೊತ್ತಿತ್ತು. ನಿಲ್ಲಿಸಲು ಧೈರ್ಯವಾಗಲಿಲ್ಲ.

"ಹಾಂ, ಈಗ ಮನಿ ಅನಸ್ತದ," ಎಂದಳು ಮುದುಕಿ. ಚಪ್ಪಲಿ ಎಳೆಯುತ್ತ ಅಂಗಳದಾಚೆ ಹೋಗಿ ಕೂತಳು.

ಉಂಡೆ ಕಟ್ಟಿ, ಎಣ್ಣೆ ಸವರಿದ ತಟ್ಟೆಯಲ್ಲಿಟ್ಟ. ಮೇಲೆ ಚಾಕುವಿನಿಂದ ಕೂಡಿಸುವ ಗುರುತು ಕೊರೆಯಬೇಕಂತೆ. ಕೊರೆದ. ಕೂಡಿದಂತೆ ಕಾಣಲಿಲ್ಲ, ಪಾಲು ಮಾಡಿದಂತೆ ಕಂಡಿತು. ತಟ್ಟೆಯನ್ನು ಕುಕ್ಕರಿನೊಳಗೆ ಇಳಿಸಿ, ಮುಚ್ಚಳ ಹಾಕಿ ಉರಿ ಸಣ್ಣದು ಮಾಡಿದ.

ಬೇಯುವವರೆಗೆ ತಾಲೀಮು ಮಾಡಬೇಕೆನಿಸಿತು. ಅವಳು ಬಂದಕೂಡಲೇ 'ಬಾ, ಕೂಡು' ಅನ್ನಬೇಕು. ಅಷ್ಟನ್ನಾದರೂ ತಾನೇ ಅನ್ನಬೇಕು.

"ಬಾ, ಕೂಡು." ಕಂಡಕ್ಟರು.

ನೀರು ಕುಡಿದ. "ಬಾ, ಕೂಡು." ಸಂಗಣ್ಣ, ಕೆಮ್ಮಿನ ಸಮೇತ.

ಸಣ್ಣವನಿದ್ದಾಗ ಗೋಗಿಯ ಶಾಲೆಯಲ್ಲಿ ಹಾಜರಿ ಕರೆಯುವಾಗ ಬಾರದ ಹುಡುಗರಿಗೆಲ್ಲ ಅವನೇ 'ಹಾಜರ್ ಸರ್' ಅನ್ನುತ್ತಿದ್ದ, ಅವರವರ ದನಿಯಲ್ಲಿ. ಒಮ್ಮೆ ತನ್ನ ಹೆಸರು ಬಂದಾಗ ಬಾಯಿ ಹೊರಳಲೇ ಇಲ್ಲ. ಎದುರಿಗೇ ಕೂತವನಿಗೆ ಮಾಸ್ತರರು ಗೈರುಹಾಜರಿ ಹಾಕಿದರು. ತರಗತಿ ಬಿದ್ದುಬಿದ್ದು ನಕ್ಕಿತು. ಅವನೂ ನಕ್ಕಿದ್ದ. ಆ ನಗು ಯಾರದಿತ್ತು ಎಂದು ಈಗ ಯೋಚಿಸಿದ. ನೆನಪಾಗಲಿಲ್ಲ.

ವಾಸನೆಯೇನೋ ಬಂತು, ಸಿಹಿಯಾಗಿ, ಯಾರದೋ ಸುಖವಾದ ಮನೆಯಿಂದ ಬರುವಂತೆ. ಮುಚ್ಚಳ ತೆಗೆದ. ಬ್ರೆಡ್ಡು ಉಬ್ಬಿರಲಿಲ್ಲ. ಚಾಕು ಮೇಲ್ಮೈ ತರಚಿ ಜಾರಿತು. ತಳ ಬಡಿದರೆ ಟೊಳ್ಳು ಸದ್ದು ಬರಬೇಕಂತೆ. ಬಡಿದ. ಗೋಡೆ ಬಡಿದಂತಾಯಿತು.

ಹೊರಗೆ ಆಟೋ ನಿಂತಿತು.

"ನೀ ಹೋಗಿ ತಗೊಂಡು ಬಾ," ಮರಿಲಿಂಗನ ದನಿ. "ನಾ ಒಳಗ ಬಂದ್ರ ಮಾತು ಬೆಳಿತದ."

ಗೇಟು ಕಿರುಗುಟ್ಟಿತು. ಕಾಲುಂಗುರದ ಸದ್ದು ಅಂಗಳ ದಾಟಿತು. ಬಸವಲಿಂಗ ಬ್ರೆಡ್ಡನ್ನು ಅರಿವೆಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದ. ಚಿಲಕಕ್ಕೆ ಕೈ ಹೋಯಿತು, ತೆಗೆಯಲಿಲ್ಲ.

"ಯಾರದು?" ಗೋಡೆಯಾಚೆಯಿಂದ ಹಣಮಂತಮ್ಮ.

"ನಾ ಅತ್ತಿ. ಗುರುದೇವಿ."

"ನೀ ಯಾವಾಗ ಹೊರಗ ಹೋದಿ?"

"ನಿನ್ನಿ ಹೋಗಿದ್ದೆ, ಸುರಪುರಕ್ಕ. ಈಗ ಬರಾಕತ್ತೇನಿ."

"ಚಾಷ್ಟಿ ಮಾಡಬ್ಯಾಡ ನನ್ನ ಕೂಡ. ಈಗರೆ ಒಳಗ ರೊಟ್ಟಿ ಬಡದಿ. ನಳದ ಮಾತು ಕೇಳಿದರ ಇನ್ನೂ ಹೇಳಿಲ್ಲ ಅಂದಿ."

ಹೊರಗೆ ಕಾಲುಂಗುರದ ಸದ್ದು ನಿಂತಿತು. ಆಟೋದ ಇಂಜಿನ್ನೂ ಆರಿತು.

ಬಾಗಿಲ ಹಲಗೆಗಳ ನಡುವೆ ಬೆರಳಗಲದ ಬಿರುಕಿತ್ತು. ಬಸವಲಿಂಗ ಕಣ್ಣಿಟ್ಟ. ಗುರುದೇವಿ ಮೆಟ್ಟಿಲ ಮೇಲೆ ನಿಂತಿದ್ದಳು. ಬಡಿಯಲು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸಿಟ್ಟಿಗೆ ಅವನು ತಯಾರಾಗಿದ್ದ. ಅಳುವಿಗೂ ಹೇಗೋ ತಯಾರಾಗಿದ್ದ. ಅವಳ ಮುಖದಲ್ಲಿ ಅವೆರಡೂ ಇರಲಿಲ್ಲ. ತನ್ನದೇ ಮನೆಯ ಬಾಗಿಲನ್ನು ಅವಳು ಹುತ್ತ ನೋಡಿದಂತೆ ನೋಡುತ್ತಿದ್ದಳು.

"ಒಳಗ ಯಾರದಾರ?" ಪಿಸುಮಾತು.

ಉತ್ತರ ಎರಡೇ ಮಾತಿನದು. ಉಸಿರು ಎಳೆದುಕೊಂಡ. ಪ್ರಿನ್ಸಿಪಾಲರನ್ನು ಸರಿಸಿದ, ಕಂಡಕ್ಟರನನ್ನು ದಬ್ಬಿದ, ಮಾವನನ್ನು ಕೈಮುಗಿದು ಕೆಳಗಿಳಿಸಿದ. ಅವರೆಲ್ಲರ ಅಡಿಯಲ್ಲಿ ಎಲ್ಲೋ ಇರಬೇಕಿದ್ದದ್ದನ್ನು ಹೊಟ್ಟೆಯಿಂದ ಎಳೆದು ಗಂಟಲಿಗೆ ತಂದ. ತುಟಿ ತೆರೆದ.

"ನಾ ಅದೀನಿ."

ಮೆಲ್ಲಗೆ ಬಂತು, ಸ್ಪಷ್ಟವಾಗಿ, ಕೊನೆಗೆ ಸ್ವಲ್ಪ ಎಳೆದು, ಗುರುದೇವಿ ಎಳೆಯುವ ಹಾಗೆಯೇ.

"ಕೇಳಿದೇನು?" ಎಂದಳು ಹಣಮಂತಮ್ಮ ಗೋಡೆಯಾಚೆಯಿಂದ. "ಅದಾಳಲ್ಲ ಒಳಗ. ನೀ ಯಾರು?"

ಬಿರುಕಿನಲ್ಲಿ ಎತ್ತಿದ ಕೈ ಇಳಿಯಿತು. ಬಾಗಿಲನ್ನು ಮುಟ್ಟಲಿಲ್ಲ. ಗುರುದೇವಿ ಬೆರಳುಗಳನ್ನು ತನ್ನ ತುಟಿಯ ಮೇಲಿಟ್ಟುಕೊಂಡು, ಈ ಕೊನೆಯಿಂದ ಆ ಕೊನೆಯವರೆಗೆ, ಕುರುಡರು ಮುಖ ತಡವುವಂತೆ ತಡವಿ ನೋಡಿಕೊಂಡಳು, ಆ ಮಾತಿಗೆ ಅಲುಗಿದ್ದು ತನ್ನ ತುಟಿಗಳೇ ಎಂದು.