ಅತ್ತೆ ಕಲ್ಲು

ಆ ಕಲ್ಲಿಗೆ ಅತ್ತೆ ಅಂತ ಹೆಸರಿಟ್ಟದ್ದು ಸೊಸೆಯಲ್ಲ, ಮಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಕೇಳಿದವರೆಲ್ಲ ಸೊಸೆಯ ಮೇಲೇ ಅನುಮಾನ ಪಡುತ್ತಾರೆ.

ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಕೊರಕಲುಗಳ ಕಡೆಗೆ ಹೊರಟಿದ್ದ. ರಸ್ತೆ ಮುಗಿದ ಮೇಲೂ ಅರ್ಧ ದಿನದ ದಾರಿ. ನೀರು ಹರಿದು ಹರಿದು ಜೇಡಿಮಣ್ಣಿನ ಗುಡ್ಡಗಳನ್ನು ಸೀಳಿ ಹಾಕಿದ ಜಾಗ ಅದು. ಮರವಿಲ್ಲ, ಬಾವಿಯಿಲ್ಲ, ನರಪಿಳ್ಳೆಯ ಸುಳಿವಿಲ್ಲ. ಗುಡ್ಡಗಳ ಮೈಮೇಲೆ ಬಿಳಿ, ಕೆಂಪು, ಬೂದಿ ಬಣ್ಣದ ಪಟ್ಟೆಗಳು. ನಡುನಡುವೆ ಚಿತ್ರವಿಚಿತ್ರವಾದ ಕಲ್ಲುಗಳು. ಗಂಡ ಒಂದೊಂದಕ್ಕೂ ಹೆಸರಿಡುತ್ತಾ ಹೋದ. ಹೊಟ್ಟೆ ಉಬ್ಬಿಸಿಕೊಂಡು ನೆತ್ತಿಯ ಮೇಲೆ ಪುಟ್ಟ ಕಲ್ಲು ಹೊತ್ತದ್ದು ಕುಕ್ಕರ್. ಸಾಲಾಗಿ ತಲೆ ತಗ್ಗಿಸಿ ನಿಂತವು ಫೇಲಾದ ಕ್ಲಾಸು. ಒಣಹಳ್ಳ ತಿರುಗುವ ಕಡೆ, ದಿಬ್ಬದ ಮೇಲೆ, ಎರಡೂ ಕೈ ಸೊಂಟಕ್ಕಿಟ್ಟು, ತಲೆಯ ಮೇಲೆ ಅಗಲವಾದ ಚಪ್ಪಡಿ ಹೊತ್ತು, ಗದ್ದ ಮುಂದೆ ಚಾಚಿ ದುರುಗುಟ್ಟುತ್ತಿದ್ದ ಒಂದು ಕಲ್ಲಿನೆದುರು ಜೀಪು ನಿಲ್ಲಿಸಿದ.

"ನೋಡು, ನಿಮ್ಮತ್ತೆ," ಅಂದ.

"ನಿಮ್ಮಮ್ಮ ಅನ್ನಿ."

"ನನಗೆ ನಮ್ಮಮ್ಮ ಹೀಗೆ ಕಾಣಲ್ಲ. ನಿನಗೆ ಕಾಣ್ತಾಳೆ."

ಅವಳು ಕಾಲೇಜಿನಲ್ಲಿ ಭೂವಿಜ್ಞಾನ ಓದಿದವಳು. ತಲೆಯ ಮೇಲಿನ ಚಪ್ಪಡಿ ಗಟ್ಟಿಯಾದ್ದರಿಂದ ಅದರ ಅಡಿಯ ಮೆತ್ತನೆ ಮಣ್ಣು ಕರಗದೆ ಉಳಿದಿದೆ, ಸುತ್ತಲಿನದೆಲ್ಲ ಕೊಚ್ಚಿಹೋಗಿದೆ ಎಂದು ವಿವರಿಸಿದಳು. "ಅದೇ ಹೇಳಿದ್ದು," ಅಂದ ಗಂಡ. "ತಲೆ ಗಟ್ಟಿ."

ಆಮೇಲೆ ಅದೇ ಇಬ್ಬರ ಕಸುಬಾಯಿತು. ಊರಿನ ಸದ್ದು ಸಾಕಾದವರನ್ನು ಅಲ್ಲಿಗೆ ಕರೆದೊಯ್ದು ಎರಡು ಮೂರು ದಿನ ಡೇರೆಯಲ್ಲಿ ಇರಿಸಿ ಕರೆತರುವುದು. ಅಲ್ಲಿ ನಲ್ಲಿಯಿಲ್ಲ, ಕಕ್ಕಸಿಲ್ಲ, ಫೋನು ಸಿಗುವುದಿಲ್ಲ. ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಹೊತ್ತೊಯ್ಯಬೇಕು, ಪಾತ್ರೆಯನ್ನು ಮರಳಲ್ಲಿ ತಿಕ್ಕಬೇಕು, ಬಹಿರ್ದೆಸೆಗೆ ಸಣ್ಣ ಗುದ್ದಲಿ ಹಿಡಿದು ದೂರ ಹೋಗಬೇಕು. ಬಂದವರಿಗೆಲ್ಲ ಮೊದಲ ಗಂಟೆಯಲ್ಲೇ ಒಂದು ಮಾತು ಬಾಯಿಪಾಠ ಮಾಡಿಸುತ್ತಿದ್ದರು: ಏನೇ ಆದರೂ ಅತ್ತೆ ಹತ್ತಿರ ಓಡಿ. ಆ ದಿಬ್ಬದ ಮೇಲೆ ನೀರು ಹತ್ತಿದ ಗುರುತೇ ಇರಲಿಲ್ಲ. ಜನ ನಗುತ್ತಿದ್ದರು. ನಕ್ಕದ್ದರಿಂದ ಮರೆಯುತ್ತಿರಲಿಲ್ಲ.

ಚೇಳು, ಹಾವುಗಳ ನಡುವೆ ವರ್ಷಗಟ್ಟಲೆ ಮಲಗಿ ಎದ್ದ ಆ ಮನುಷ್ಯ ಸತ್ತದ್ದು ಮಾತ್ರ ಊರಿನಲ್ಲಿ, ಫ್ಯಾನಿನ ಕೆಳಗೆ, ಜ್ವರ ಬಂದು. ಅವಳು ಅಳಲಿಲ್ಲ. ಅತ್ತಾಳೆಂದು ಜನ ಕಾದು ಕಾದು ಸುಮ್ಮನಾದರು. ಮನೆಯ ಪಕ್ಕದ ಶೆಡ್ಡಿನಲ್ಲಿ ಹಗ್ಗಗಳು ಮೊಳೆಗೆ ನೇತುಬಿದ್ದಿದ್ದವು, ಕ್ಯಾನುಗಳು ಬೋರಲು ಬಿದ್ದಿದ್ದವು, ಜೀಪಿನ ಗಾಜಿನ ಮೇಲೆ ಧೂಳು ಕೂತಿತ್ತು.

ಜೀಪು ಅತ್ತೆಯ ಹೆಸರಿನಲ್ಲಿತ್ತು. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಭಾವ, ಅಂದರೆ ಗಂಡನ ಅಣ್ಣ, ಒಂದು ಸಂಜೆ ಬಂದು ಟೈರನ್ನು ಕಾಲಿನಿಂದ ಒದ್ದು ನೋಡಿದ. "ಸುಮ್ನೆ ನಿಂತು ತುಕ್ಕು ಹಿಡೀತಿದೆ ಅಮ್ಮ. ಅಂಗಡಿ ಸಾಮಾನು ಸಾಗಿಸೋಕೆ ಆಗುತ್ತೆ."

"ನಾನು ಮತ್ತೆ ಶುರು ಮಾಡ್ತೀನಿ," ಅಂದಳು ಅವಳು.

"ಒಬ್ಬಳೇನಾ? ಆ ಕಾಡುಪಾಲು ಜಾಗಕ್ಕಾ? ಹುಚ್ಚು ಗಿಚ್ಚು ಹಿಡಿದಿದೆಯಾ ನಿನಗೆ?"

ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದ ಅತ್ತೆ ಇಬ್ಬರನ್ನೂ ನೋಡಿದರು. "ಒಂದು ಸಲ ನಾನೂ ಹೋಗಿ ಬರ್ತೀನಿ. ಇವಳ ಕೈಲಿ ಆಗುತ್ತೋ ಇಲ್ಲವೋ ಕಣ್ಣಾರೆ ನೋಡ್ತೀನಿ. ಜೀಪು ಯಾರಿಗೆ ಅಂತ ಆಮೇಲೆ ಹೇಳ್ತೀನಿ."

ಅವಳಿಗೆ ದಾರಿ ಗೊತ್ತಿತ್ತು, ಗುಡ್ಡ ಗೊತ್ತಿತ್ತು, ಜೀಪಿನ ಹೊಟ್ಟೆಯೊಳಗಿನ ಸದ್ದುಗಳೆಲ್ಲ ಗೊತ್ತಿದ್ದವು. ಕೈಲಿ ಆಗುತ್ತದೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವಳನ್ನು ಕಾಡಿದ್ದು ಬೇರೆ: ಆ ಕಲ್ಲು. ಅದರ ಹೆಸರು ಅತ್ತೆಯ ಕಿವಿಗೆ ಬಿದ್ದರೆ ಮುಗಿಯಿತು. ಆದ್ದರಿಂದ ಈ ಸಲ ಅದನ್ನು ಟೋಪಿ ಕಲ್ಲು ಎಂದು ಕರೆಯುವುದೆಂದು ತೀರ್ಮಾನಿಸಿದಳು. ಹೆಸರು ಬದಲಾಯಿಸುವುದರಲ್ಲಿ ಏನು ಮಹಾ ಎಂದುಕೊಂಡಳು.

ಆ ಸಲ ಬಂದವರು ಗಂಡಹೆಂಡಿರು. ಗಂಡ ಹಲ್ಲಿನ ಡಾಕ್ಟರು, ಹೆಂಡತಿ ಡ್ರಾಯಿಂಗ್ ಟೀಚರು. ಡಾಕ್ಟರು ಹೊಸ ಬೂಟು, ಹೊಸ ಟಾರ್ಚು, ಹೊಸ ಚಾಕು, ಎಲ್ಲ ಹೊಸದಾಗಿ ಕೊಂಡು ತಂದಿದ್ದರು. ಟೀಚರ ಕೈಯಲ್ಲಿ ಒಂದು ಬಣ್ಣದ ಡಬ್ಬಿ, ಅಷ್ಟೆ. ಅತ್ತೆ ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೆಟೆದು ಕೂತರು. ಗೇರು ಬದಲಾಯಿಸಿದಾಗಲೆಲ್ಲ ಸೊಸೆಯ ಕೈ ನೋಡಿದರು.

ಕೊರಕಲು ತಲುಪಿದಾಗ ಬಿಸಿಲು ಓರೆಯಾಗಿತ್ತು. ಡಾಕ್ಟರು ಜೀಪಿನಿಂದ ಜಿಗಿದವರೇ ಒಣಹಳ್ಳಕ್ಕಿಳಿದು ಮರಳಿನ ಮೇಲೆ ಮಲಗಿ ನೋಡಿದರು. "ಮೇಡಂ, ಇದು ಹಾಸಿಗೆ ಇದ್ದಂಗಿದೆ! ಡೇರೆ ಇಲ್ಲೇ ಹಾಕೋಣ."

"ಇಲ್ಲಿ ಬೇಡ. ಮೇಲೆ, ಆ ಬಂಡೆ ಜಗಲಿ ಮೇಲೆ."

"ಆ ಕಲ್ಲಿನ ಮೇಲಾ? ನನ್ನ ಬೆನ್ನು ಏನಾಗಬೇಕು? ಆಕಾಶ ನೋಡಿ, ಒಂದು ತುಣುಕು ಮೋಡ ಇಲ್ಲ."

"ನಮ್ಮ ಮೇಲಿನ ಆಕಾಶ ನೋಡಿ ಪ್ರಯೋಜನ ಇಲ್ಲ ಡಾಕ್ಟ್ರೇ. ಮಳೆ ದೂರದ ಬೆಟ್ಟದಲ್ಲಿ ಬರುತ್ತೆ, ನೀರು ಇಲ್ಲಿಗೆ ಬರುತ್ತೆ. ಈ ಮರಳನ್ನ ಇಲ್ಲಿ ಹಾಸಿದ್ದು ಯಾರು ಅಂದ್ಕೊಂಡ್ರಿ?"

"ಒಂದು ರಾತ್ರಿ, ಅಷ್ಟೇ ತಾನೆ?"

"ಒಂದು ಗಳಿಗೆನೂ ಇಲ್ಲ. ಬೇಕಾದ್ರೆ ಬೆನ್ನಿಗೆ ನನ್ನ ಕಂಬಳಿನೂ ತಗೊಳ್ಳಿ."

ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಡಾಕ್ಟರು ಗೊಣಗಿಕೊಂಡು ಎದ್ದರು. "ಇವರಿಗೆ ಅರಿವಳಿಕೆ ಕೊಡದೆ ಹಲ್ಲು ಕಿತ್ತಂಗಾಯ್ತು," ಎಂದು ಟೀಚರು ಅತ್ತೆಯ ಕಿವಿಯಲ್ಲಿ ಹೇಳಿದರು. ಅತ್ತೆಯ ತುಟಿ ಒಂದಿಷ್ಟು ಅಲುಗಿತು.

ಜಗಲಿಯ ಮೇಲೆ ಡೇರೆ ಎದ್ದ ಮೇಲೆ ಅವಳು ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿದಳು. ಹಳ್ಳದಲ್ಲಿ ಹಗಲು ಓಡಾಡಬಹುದು. ಹಸಿ ಮಣ್ಣಿನ ವಾಸನೆ ಬಂದರೆ, ಅಥವಾ ತಾನು ಕೂಗಿದರೆ, ಈ ಕಡೆ ಇದ್ದವರು ಜಗಲಿಗೆ, ಆ ಕಡೆ ಇದ್ದವರು ಟೋಪಿ ಕಲ್ಲಿನ ಹತ್ತಿರಕ್ಕೆ ಹತ್ತಬೇಕು. ಬೆರಳು ಮಾಡಿ ತೋರಿಸಿದಳು. ಡಾಕ್ಟರು ತಲೆಯಾಡಿಸಿದರು. ಅತ್ತೆ ಆ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡಿ, "ಟೋಪಿ ಕಲ್ಲಾ?" ಎಂದರು.

"ಹೂಂ ಅತ್ತೆ. ಟೋಪಿ ಕಲ್ಲು."

"ಹೆಸರು ಚೆನ್ನಾಗಿದೆ," ಅಂದರು ಅತ್ತೆ.

ರಾತ್ರಿ ಎಲ್ಲರೂ ಗಡದ್ದಾಗಿ ನಿದ್ದೆ ಮಾಡಿದರು, ಡಾಕ್ಟರ ಬೆನ್ನೂ ಸೇರಿ. ಬೆಳಿಗ್ಗೆ ಅತ್ತೆ ಸಣ್ಣ ಗುದ್ದಲಿ ಹಿಡಿದು ಹೊರಟವರು ಬಹಳ ಹೊತ್ತಾದರೂ ಬರಲಿಲ್ಲ. ಸೊಸೆ ಹುಡುಕಲು ಹೊರಡುವಷ್ಟರಲ್ಲಿ ಕಾಣಿಸಿಕೊಂಡರು. "ಇಷ್ಟು ದೊಡ್ಡ ಕಕ್ಕಸು ನಾನು ಜೀವಮಾನದಲ್ಲಿ ನೋಡಿರಲಿಲ್ಲ," ಅಂದರು. "ಎಲ್ಲಿ ಕೂರಬೇಕು ಅಂತ ಆರಿಸೋದೇ ಕಷ್ಟ." ಆ ಮಾತಿನ ಹಿಂದೆ ಮೆಚ್ಚುಗೆಯಿತ್ತೋ ದೂರಿತ್ತೋ ತಿಳಿಯಲಿಲ್ಲ.

ಮಧ್ಯಾಹ್ನ ಊಟ ಮುಗಿಯಿತು. ಡಾಕ್ಟರೂ ಟೀಚರೂ ಹಳ್ಳದಲ್ಲಿ ಮೇಲಕ್ಕೆ ನಡೆದು ತಿರುವಿನ ಹತ್ತಿರ ಹೋದರು. ಟೀಚರಿಗೆ ಫೇಲಾದ ಕ್ಲಾಸಿನ ಕಲ್ಲುಗಳ ಚಿತ್ರ ಬರೆಯಬೇಕಿತ್ತು. ಅತ್ತೆ ಪಾತ್ರೆ, ತಟ್ಟೆ ಎತ್ತಿಕೊಂಡು ಜಗಲಿಯ ಕೆಳಗೆ ಮರಳಿಗೆ ಇಳಿದರು. "ನಾನು ತಿಕ್ತೀನಿ ಅತ್ತೆ," ಅಂದಳು ಸೊಸೆ. "ನೀನು ನಿನ್ನ ಕೆಲಸ ನೋಡು," ಅಂದರು ಅತ್ತೆ.

ಅವಳು ಡೇರೆಯ ಹಗ್ಗ ಬಿಗಿಮಾಡುತ್ತಿದ್ದಳು. ಗಾಳಿ ತಿರುಗಿತು. ಅವಳ ಮೂಗಿಗೆ ಮೊದಲು ತಿಳಿಯಿತು, ಕಿವಿಗೆ ಆಮೇಲೆ. ಹಸಿ ಮಣ್ಣು. ದೂರದ ಬೆಟ್ಟಗಳ ಮೇಲೆ ಇದ್ದಿಲಿನ ಬಣ್ಣದ ಒಂದು ಗೆರೆ. ನೆತ್ತಿಯ ಮೇಲೆ ಸುಡುವ ಬಿಸಿಲು. ಎಲ್ಲಿಂದಲೋ ಗುಡುಗುಡು ಸದ್ದು.

ಹಳ್ಳದ ತಿರುವಿನಿಂದ ಡಾಕ್ಟರು ಕೂಗಿದರು: "ಮೇಡಂ, ಯಾವುದೋ ಲಾರಿ ಬರ್ತಿದೆ!"

ಅಲ್ಲಿ ರಸ್ತೆಯೇ ಇರಲಿಲ್ಲ.

"ಟೋಪಿ ಕಲ್ಲಿಗೆ ಹತ್ತಿ!" ಅವಳು ಕಿರುಚಿದಳು. "ಟೋಪಿ ಕಲ್ಲು!"

ಡಾಕ್ಟರು ಸುತ್ತ ನೋಡಿದರು. ಆಗ ತಾನಿಟ್ಟ ಹೆಸರಿನ ಹುಳುಕು ಅವಳ ಕಣ್ಣಿಗೆ ಬಿತ್ತು. ಅಲ್ಲಿದ್ದ ಕಲ್ಲುಗಳಿಗೆಲ್ಲ ಟೋಪಿಯಿತ್ತು. ಹಳ್ಳದ ನಡುವೆ ನಿಂತದ್ದಕ್ಕೂ ಇತ್ತು. ಡಾಕ್ಟರು ಹೆಂಡತಿಯ ಕೈ ಹಿಡಿದು ಅದರ ಕಡೆಗೇ ಓಡತೊಡಗಿದ್ದರು. ನಾಲಿಗೆ ವರ್ಷಗಳ ರೂಢಿಗೆ ಹೊರಳಿತು.

"ಅದಲ್ಲ! ಅತ್ತೆ ಹತ್ತಿರ ಓಡಿ! ಅತ್ತೆ ಹತ್ತಿರ!"

ಇಬ್ಬರೂ ಗಕ್ಕನೆ ತಿರುಗಿ ಹಳ್ಳದಲ್ಲೇ ಕೆಳಕ್ಕೆ, ಪಾತ್ರೆ ತಿಕ್ಕುತ್ತಿದ್ದ ಮುದುಕಿಯ ಕಡೆಗೆ ಓಡಿ ಬರತೊಡಗಿದರು. ಬೆನ್ನ ಹಿಂದೆ ಸದ್ದು ದೊಡ್ಡದಾಗುತ್ತಿತ್ತು. ಅವರಿದ್ದಲ್ಲಿಂದ ಜಗಲಿ ದೂರ, ದಿಬ್ಬ ಪಕ್ಕದಲ್ಲೇ ಇತ್ತು. ಓಟದಲ್ಲಿ ನೀರು ಗೆಲ್ಲುವುದೆಂದು ಅವಳಿಗೆ ಗೊತ್ತಿತ್ತು. ಕೂಗಲು ಇನ್ನೊಂದು ಮಾತು ಸಿಗಲಿಲ್ಲ. ಜಗಲಿಯಿಂದ ಕೆಳಕ್ಕೆ ಧುಮುಕಿದಳು.

ಅಷ್ಟರಲ್ಲಿ ಅತ್ತೆ ಎದ್ದು ನಿಂತರು. ಓಡಿ ಬರುತ್ತಿದ್ದವರನ್ನು ನೋಡಿದರು, ದಿಬ್ಬವನ್ನು ನೋಡಿದರು. ಕೈಲಿದ್ದ ಅಗಲವಾದ ತಟ್ಟೆಯನ್ನು ಬೋರಲು ಮಾಡಿ ತಲೆಯ ಮೇಲಿಟ್ಟುಕೊಂಡರು. ಎರಡೂ ಕೈ ಸೊಂಟಕ್ಕಿಟ್ಟು, ಗದ್ದ ಮುಂದೆ ಚಾಚಿದರು.

"ನಾನಲ್ರೋ!" ಎಂದು ಗುಡ್ಡಗಳು ಅನುರಣಿಸುವಂತೆ ಗದರಿದರು. "ಆ ಕಲ್ಲು! ಮೇಲೆ ನೋಡಿ, ನನ್ನ ಹಂಗೇ ನಿಂತಿದೆಯಲ್ಲ, ಅದು ಅತ್ತೆ! ಹತ್ತಿ ಅಲ್ಲಿಗೆ!"

ಟೀಚರು ಮುದುಕಿಯನ್ನು ನೋಡಿದರು, ತಲೆಯೆತ್ತಿ ದಿಬ್ಬ ನೋಡಿದರು. ಚಿತ್ರ ಬರೆಯುವ ಕಣ್ಣು, ಹೋಲಿಕೆ ಹಿಡಿಯಲು ತಡವಾಗಲಿಲ್ಲ. ಗಂಡನ ಅಂಗಿಯ ಕೊರಳಪಟ್ಟಿ ಹಿಡಿದು ದಿಬ್ಬಕ್ಕೆ ಎಳೆದುಕೊಂಡು ಹೋದರು. ಸೊಸೆ ಅತ್ತೆಯ ರಟ್ಟೆ ಹಿಡಿದಳು. "ಪಾತ್ರೆ, ಪಾತ್ರೆ," ಅಂದರು ಅತ್ತೆ. "ಬಿಡಿ ಅತ್ತೆ!" ಎಂದು ಅವಳು ಮೊದಲ ಸಲ ಅತ್ತೆಯನ್ನು ಗದರಿಸಿ, ಜಗಲಿಗೆ ನೂಕಿ, ಹಿಂದೆಯೇ ತಾನೂ ಹತ್ತಿದಳು.

ನೀರು ಬಂದದ್ದು ನೀರಿನಂತೆ ಅಲ್ಲ. ಕೆಸರು, ಕಡ್ಡಿ, ಕಲ್ಲು ಎಲ್ಲ ಒಂದಾಗಿ, ಗೋಡೆಯೊಂದು ನಡೆದು ಬಂದಂತೆ ಬಂತು. ನಿನ್ನೆ ಡಾಕ್ಟರು ಮಲಗಿ ನೋಡಿದ್ದ ಮರಳು ಕಾಣಿಸದಂತಾಯಿತು. ಹಳ್ಳದ ನಡುವಿನ ಟೋಪಿಯ ಕಲ್ಲು ಒಮ್ಮೆ ಬಾಗಿ, ಸುಮ್ಮನೆ ಮುಳುಗಿತು. ಆಚೆ ದಿಬ್ಬದ ಮೇಲೆ ಡಾಕ್ಟರು ಕಲ್ಲಿನ ಅತ್ತೆಯ ಸೊಂಟವನ್ನು ಎರಡೂ ತೋಳಿಂದ ತಬ್ಬಿಕೊಂಡಿದ್ದರು.

"ಹಾಗೇ ಇರಿ!" ಅವಳು ಕೂಗಿದಳು. "ನೀರು ಇಳಿಯುತ್ತೆ. ಅಲ್ಲಿಗೆ ಹತ್ತಲ್ಲ, ಹೆದರಬೇಡಿ!"

ಅವಳ ದನಿ ಮತ್ತೆ ಮೊದಲಿನಂತಾಗಿತ್ತು. ನೀರು ಎಲ್ಲಿಯವರೆಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದು ಅಲ್ಲಿಯವರೆಗೇ ಏರಿತು, ಸಂಜೆಯ ಹೊತ್ತಿಗೆ ಇಳಿಯಿತು. ಕೋಲಿನಿಂದ ನೆಲ ಒತ್ತಿ ನೋಡುತ್ತಾ ಆಚೆಗೆ ಹೋಗಿ ಇಬ್ಬರನ್ನೂ ಕರೆತಂದಳು. ಹೊಸ ಬೂಟುಗಳು ಈಗ ಹೊಸವಾಗಿರಲಿಲ್ಲ. ಡಾಕ್ಟರು ಜಗಲಿಯ ಬಂಡೆಯ ಮೇಲೆ ಬೆನ್ನು ಚಾಚಿ ಮಲಗಿದರು. "ಇಷ್ಟು ಮೆತ್ತಗಿರೋ ಕಲ್ಲು ನಾನು ನೋಡೇ ಇಲ್ಲ," ಅಂದರು.

"ಇದರಲ್ಲಿ ನನ್ನ ತಪ್ಪಿದೆ," ಅವಳು ಅವರಿಗೆ ನೇರವಾಗಿ ಹೇಳಿದಳು. "ಆ ಕಲ್ಲಿಗೆ ಬೇರೆ ಹೆಸರಿತ್ತು. ಹೇಳಬೇಕಿತ್ತು, ಹೇಳಲಿಲ್ಲ."

"ಯಾಕೆ?" ಅಂದರು ಟೀಚರು. ಕೇಳಿದವರೇ ಅತ್ತೆಯ ಕಡೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಚಹಾ ಕುದಿಯಿತು. ಅತ್ತೆ ಲೋಟ ಹಿಡಿದು ಬಂಡೆಯ ಅಂಚಿಗೆ ಹೋಗಿ ಕೂತರು. ಸೊಸೆ ಪಕ್ಕದಲ್ಲಿ ಕೂತಳು. ಇಳಿಬಿಸಿಲು ಬಿದ್ದು ದಿಬ್ಬದ ಕಲ್ಲು ಇಡಿಯಾಗಿ ಕೆಂಪಾಗಿತ್ತು.

"ನಿಮಗೆ ಹೇಗೆ ಗೊತ್ತಾಯ್ತು?"

"ಹೆಸರಿಟ್ಟ ವಾರವೇ ನನ್ನ ಮಗ ಬಂದು ಹೇಳಿದ್ದ. ಅಮ್ಮ, ಅಲ್ಲಿ ನಿನ್ನ ಹಂಗೇ ಒಂದು ಕಲ್ಲಿದೆ, ಯಾರು ಎಷ್ಟು ಕುಣಿದ್ರೂ ಅಲ್ಲಾಡಲ್ಲ ಅಂತ. ಅಡುಗೆಮನೇಲಿ ನಿಂತು ತೋರಿಸಿದ್ದ, ತಲೆ ಮೇಲೆ ತಟ್ಟೆ ಇಟ್ಕೊಂಡು." ಅತ್ತೆ ಚಹಾ ಗುಟುಕರಿಸಿದರು. "ಅದನ್ನ ನೋಡೋಕೇ ನಾನು ಬಂದಿದ್ದು. ನೀನು ನೋಡಿದ್ರೆ ಟೋಪಿ ಕಲ್ಲು, ಟೋಪಿ ಕಲ್ಲು ಅಂತ ನನಗೇ ಟೋಪಿ ಹಾಕ್ತಿದ್ದೀಯ."

ಗಂಡ ತಲೆಯ ಮೇಲೆ ತಟ್ಟೆ ಇಟ್ಟುಕೊಂಡು ಅಡುಗೆಮನೆಯಲ್ಲಿ ನಿಂತದ್ದು ಅವಳಿಗೆ ತಿಳಿದಿರಲಿಲ್ಲ. ಅವನ ಬದುಕಿನಲ್ಲಿ ತನಗೆ ತಿಳಿಯದ ಒಂದು ದಿನ ಇನ್ನೂ ಉಳಿದಿತ್ತು ಅನ್ನುವುದೇ ಅವಳಿಗೆ ಹೊಸದಾಗಿತ್ತು. ಇಬ್ಬರೂ ಕಲ್ಲು ನೋಡುತ್ತಾ ಕೂತರು.

"ಸೊಂಟ ಸ್ವಲ್ಪ ದಪ್ಪ ಆಯ್ತು," ಅಂದರು ಅತ್ತೆ.

"ಕಲ್ಲಿಂದು ತಾನೆ?"

"ಇನ್ಯಾರದ್ದು ಮತ್ತೆ?"

ಬೆಳಿಗ್ಗೆ ಡೇರೆ ಬಿಚ್ಚಿ ಮಡಿಸಿ, ಕಸವನ್ನೆಲ್ಲ ಚೀಲಕ್ಕೆ ತುಂಬಿ, ಜೀಪಿನ ಹಿಂದೆ ಕಟ್ಟಿದರು. ಸಾಮಾನು ಎಣಿಸುತ್ತಿದ್ದ ಅವಳು, "ದೊಡ್ಡ ಪಾತ್ರೆ ಹೋಯ್ತು ಅತ್ತೆ. ನೀರಿನ ಪಾಲು," ಅಂದಳು.

"ಹೋಗಲಿ ಬಿಡು. ಅದರ ತಳ ಸೀದು ಯಾವ ಕಾಲ ಆಗಿತ್ತೋ. ಮುಂದಿನ ಸಲ ಬರುವಾಗ ನಾನೇ ಮನೆಯಿಂದ ಒಳ್ಳೇದು ತರ್ತೀನಿ."

ಅವಳ ಕೈ ಹಗ್ಗದ ಮೇಲೆ ನಿಂತಿತು. "ಭಾವನಿಗೆ ಏನು ಹೇಳ್ತೀರಿ?"

"ಜೀಪಿಗೆ ಬಿಡುವಿಲ್ಲ ಅಂತ ಹೇಳ್ತೀನಿ." ಅತ್ತೆ ಮುಂದಿನ ಸೀಟಿಗೆ ಹತ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. "ದುಡ್ಡು ಕೊಟ್ಟು ಬಂದೋರು ಮರಳಲ್ಲಿ ಮಲಗ್ತೀನಿ ಅಂದಾಗ ಒಂದು ಗಳಿಗೆನೂ ಇಲ್ಲ ಅಂದೆಯಲ್ಲ, ನಾನು ಆವತ್ತೇ ತೀರ್ಮಾನ ಮಾಡಿದ್ದೆ. ಆಮೇಲೆ ಸುಮ್ನೆ ಗಾಳಿ ಚೆನ್ನಾಗಿತ್ತು ಅಂತ ಇದ್ದೆ. ಹೊರಡು. ಆದ್ರೆ ಆ ಕಲ್ಲಿನ ಹತ್ತಿರ ಒಂದು ಕ್ಷಣ ನಿಲ್ಲಿಸು."

ಅವಳು ನಿಲ್ಲಿಸಿದಳು. ಅತ್ತೆ ಇಳಿದು, ಹಳ್ಳ ದಾಟಿ, ದಿಬ್ಬ ಹತ್ತಿ, ಕಲ್ಲಿನ ಪಕ್ಕದಲ್ಲಿ ನಿಂತು ಅದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಹಳ್ಳದ ಕಡೆ ತಿರುಗಿ, ಎರಡೂ ಕೈ ಸೊಂಟಕ್ಕಿಟ್ಟರು.

"ಯಾರು ಅತ್ತೆ, ಯಾವುದು ಕಲ್ಲು ಅಂತ ಮುಂದಿನ ಸಲದವರಿಗೆ ಮೊದಲೇ ಹೇಳು," ಎಂದು ಮೇಲಿನಿಂದ ಕೂಗಿದರು. "ನಾನೂ ಇರ್ತೀನಿ, ಗೊಂದಲ ಆಗಬಾರದು!"