ಗಂಗರತ್ನಮ್ಮನವರ ಮೂರು ತಿಂಗಳ ಗಡುವು

ಗಂಗರತ್ನಮ್ಮ ಹೋಗಿದ್ದು ಹಲ್ಲು ಕೀಳಿಸಲು. ಕೆಳದವಡೆಯ ಹಲ್ಲೊಂದು ಹದಿನೈದು ದಿನದಿಂದ ಕಾಡುತ್ತಿತ್ತು. ಹಲ್ಲಿನ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಕೀಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಪರೀಕ್ಷೆಯ ರಿಪೋರ್ಟು ಬಂದ ಮೇಲೆ ಹಲ್ಲಿನ ಮಾತು ಹಿಂದೆ ಸರಿಯಿತು. ಖಾಲಿ ಹೊಟ್ಟೆಯ ಸಕ್ಕರೆ ನೂರ ನಲವತ್ತೆಂಟು. ಮೂರು ತಿಂಗಳ ಸರಾಸರಿ ತೋರಿಸುವ ಅಂಕಿ ಏಳು ಪಾಯಿಂಟ್ ಆರು, ಆರೂವರೆ ಮುಟ್ಟಿದರೇ ಶುಗರ್ ಎಂದು ಪಕ್ಕದಲ್ಲಿ ಅಚ್ಚಾಗಿತ್ತು. ಮಗಳು ನಯನಾ ಮೊಬೈಲಿನಲ್ಲಿ ಅದನ್ನು ಎರಡು ಸಲ ಓದಿ, "ಅಮ್ಮ, ನಿಂಗೆ ಶುಗರ್" ಎಂದಳು.

ಗಂಗರತ್ನಮ್ಮ ನಂಬಲಿಲ್ಲ. ಯಾರದೋ ರಕ್ತ ಅದಲುಬದಲಾಗಿದೆ ಎಂದರು. ಐವತ್ಮೂರು ವಯಸ್ಸಿನ ಅವರು ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆತನದ ಸೊಸೆ. ಆ ಮನೆತನ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಮೂರು ಅಂತಸ್ತಿನ ಮನೆ ಎದ್ದಿದೆ. ಮೇಲಿನ ಎರಡು ಅಂತಸ್ತು ಬಾಡಿಗೆಗೆ, ಕೆಳಗಿನದು ಅವರಿಗೆ. ಹೊಲ ಹೋದರೂ ಊಟ ಬದಲಾಗಿರಲಿಲ್ಲ. ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಒಂದು ಮುದ್ದೆ, ಎರಡು ಹೊತ್ತೂ ಕೊನೆಗೊಂದಿಷ್ಟು ಅನ್ನ. ಶುಗರ್ ಬರುವುದು ಬ್ರೆಡ್ಡು, ಬಿಸ್ಕತ್ತು ತಿಂದು ಬದುಕುವವರಿಗೆ, ಮುದ್ದೆ ಉಣ್ಣುವವರ ಹತ್ತಿರ ಅದು ಸುಳಿಯುವುದಿಲ್ಲ ಎಂದು ಬಾಡಿಗೆಯವರಿಗೆಲ್ಲ ಅವರೇ ಹೇಳುತ್ತಿದ್ದರು. ಆದ್ದರಿಂದ ಇನ್ನೊಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟರು. ಅಲ್ಲಿ ನೂರ ಐವತ್ತೊಂದು ಬಂತು.

ಸಹಕಾರನಗರದಲ್ಲಿ ಡಾಕ್ಟರ್ ಭಾಗ್ಯಶ್ರೀ ಎಂಬವರ ಕ್ಲಿನಿಕ್ ಇತ್ತು. ನಯನಾ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಡಾಕ್ಟರು ಮೊದಲು ಊಟದ ವಿಚಾರ ಕೇಳಿದರು. ಮುದ್ದೆ ಎಂದಾಗ, ಎಷ್ಟು ದಪ್ಪ ತೋರಿಸಿ ಎಂದರು. ಗಂಗರತ್ನಮ್ಮ ಎರಡೂ ಕೈ ಸೇರಿಸಿ ಬೊಗಸೆ ಮಾಡಿ ತೋರಿಸಿದರು. ಆ ಬೊಗಸೆಯಲ್ಲಿ ಒಂದು ತೆಂಗಿನಕಾಯಿ ಆರಾಮಾಗಿ ಕೂರುತ್ತಿತ್ತು.

"ರಾಗಿ ಒಳ್ಳೇದೇ ಅಮ್ಮ. ಆದ್ರೆ ಅದೂ ಹಿಟ್ಟೇ ಅಲ್ವಾ? ಒಳಗೆ ಹೋದ್ಮೇಲೆ ಅದೂ ಸಕ್ಕರೆನೇ ಆಗೋದು. ಏನ್ ತಿಂತೀರಿ ಅನ್ನೋದ್ರ ಜೊತೆ ಎಷ್ಟು ತಿಂತೀರಿ ಅನ್ನೋದೂ ನೋಡ್ಬೇಕು" ಎಂದರು ಡಾಕ್ಟರು.

ಓಡಾಟ ಹೇಗೆ ಎಂದು ಕೇಳಿದ್ದಕ್ಕೆ, ಬೆಳಿಗ್ಗೆಯಿಂದ ಸಂಜೆವರೆಗೂ ನಿಂತೇ ಇರುತ್ತೇನೆ ಎಂದರು ಗಂಗರತ್ನಮ್ಮ. ಪಕ್ಕದಲ್ಲಿದ್ದ ನಯನಾ ಒಂದೊಂದಾಗಿ ಬಯಲು ಮಾಡಿದಳು. ಹಾಲಿನ ಬೂತಿಗೆ ಅಪ್ಪನ ಸ್ಕೂಟರು, ದೇವಸ್ಥಾನಕ್ಕೆ ಕಾರು, ಮೇಲಿನ ಮನೆಯವರ ಜೊತೆ ಮಾತಾಡಬೇಕಾದರೆ ಫೋನು. ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಒಂದು ತಟ್ಟೆ ಬರೆದು ಗೆರೆ ಎಳೆದರು. ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ಭಾಗ ಕಾಳೋ ಮೊಟ್ಟೆಯೋ ಕೋಳಿಯೋ, ಉಳಿದ ಕಾಲು ಭಾಗದಲ್ಲಿ ಮುದ್ದೆ ಇಲ್ಲವೇ ಅನ್ನ, ಎರಡರಲ್ಲಿ ಒಂದು. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬೇಕು, ಊಟವಾದ ಮೇಲೆ ಹತ್ತು ನಿಮಿಷ ಬೇರೆ. ಈಗಲೇ ಮಾತ್ರೆ ಬರೆಯುವುದಿಲ್ಲ, ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಆಗ ಬರೆಯುತ್ತೇನೆ ಎಂದರು.

ಗಂಗರತ್ನಮ್ಮನಿಗೆ ಆ ಮೂರು ತಿಂಗಳು ಎನ್ನುವ ಮಾತು ಹಿಡಿಸಿತು. ಗಡುವು ಕೊಟ್ಟರೆ ಗೆಲ್ಲುವ ಹೆಂಗಸು ಅವರು. ಮನೆ ಕಟ್ಟುವಾಗ ಮೇಸ್ತ್ರಿಗಳಿಗೆ ಅವರು ಇಟ್ಟಿದ್ದ ಗಡುವುಗಳ ಬಗ್ಗೆ ಗಂಡ ನರಸಿಂಹಯ್ಯ ಈಗಲೂ ಸ್ನೇಹಿತರಿಗೆ ಕಥೆ ಹೇಳುತ್ತಾರೆ. ಕ್ಲಿನಿಕ್ಕಿನಿಂದ ಹೊರಗೆ ಬಂದ ಕೂಡಲೇ ಮಗಳಿಗೆ ಒಂದೇ ಕಟ್ಟಪ್ಪಣೆ ಮಾಡಿದರು. ಈ ವಿಷಯ ನಮ್ಮ ಮೂವರನ್ನು ದಾಟಿ ಹೋಗಬಾರದು. ಗೊತ್ತಾದರೆ ಹೋದ ಮನೆಯಲ್ಲೆಲ್ಲ ಪಾಪ ಅನ್ನುತ್ತಾರೆ, ಪ್ರತಿಯೊಬ್ಬರೂ ಒಂದೊಂದು ಕಷಾಯ ಹೇಳುತ್ತಾರೆ.

ಮೊದಲ ವಾರ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ನಯನಾ ಮುದ್ದೆಯ ಅಳತೆಗೆಂದು ಒಂದು ಪುಟ್ಟ ಬಟ್ಟಲು ತಂದಿಟ್ಟಳು. ಅದರಲ್ಲಿ ಮಾಡಿದ ಮುದ್ದೆ ತಟ್ಟೆಯ ಮೇಲೆ ಎಷ್ಟು ಒಂಟಿಯಾಗಿ ಕಾಣುತ್ತಿತ್ತೆಂದರೆ ಗಂಗರತ್ನಮ್ಮನಿಗೆ ಅಳುವೇ ಬಂತು. ಸಂಜೆ ನಾಲ್ಕಕ್ಕೆ ಹೊಟ್ಟೆ ಚುರ್ ಎನ್ನುತ್ತಿತ್ತು, ಮಾತು ಸಿಡುಕಾಗುತ್ತಿತ್ತು. ನರಸಿಂಹಯ್ಯ ಹೆಂಡತಿಗೆ ಜೊತೆ ಕೊಡುತ್ತೇನೆಂದು ತಾವೂ ಕಾಫಿಗೆ ಸಕ್ಕರೆ ಬಿಟ್ಟರು. ಆದರೆ ದಿನಾ ಹತ್ತು ಗಂಟೆಗೆ ಕೆಲಸವಿದೆಯೆಂದು ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಕುಡಿದು ಬರುತ್ತಿದ್ದರು.

ದಾರಿ ಸಿಕ್ಕಿದ್ದು ಬಸ್ಸಾರಿನಲ್ಲಿ. ಸೊಪ್ಪು ಕಾಳು ಬೇಯಿಸಿ ಬಸಿದರೆ ಅರ್ಧ ಪಾತ್ರೆ ಪಲ್ಯ ಸಿಗುತ್ತದೆ, ಹಾಗಾದರೆ ಡಾಕ್ಟರು ಬರೆದ ತಟ್ಟೆಯ ಮುಕ್ಕಾಲು ಭಾಗ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆಯಲ್ಲ ಎಂದು ಒಂದು ಮಧ್ಯಾಹ್ನ ಗಂಗರತ್ನಮ್ಮನಿಗೆ ಹೊಳೆಯಿತು. ಅಂದಿನಿಂದ ಮೊದಲು ಪಲ್ಯ ತಟ್ಟೆಗೆ ಬಡಿಸಿಕೊಂಡು, ಉಳಿದ ಜಾಗಕ್ಕೆ ಮುದ್ದೆ ಇಡುತ್ತಿದ್ದರು. ಸಂಜೆಗೆ ಹೆಸರುಕಾಳಿನ ಉಸ್ಲಿ. ಮೂರನೆಯ ವಾರದ ಹೊತ್ತಿಗೆ ನಾಲ್ಕು ಗಂಟೆಯ ಸಿಡುಕು ಕಡಿಮೆಯಾಯಿತು. ಮನೆಯವರು ನಿಟ್ಟುಸಿರು ಬಿಟ್ಟರು.

ನಡಿಗೆ ಇನ್ನೂ ಕಷ್ಟವಾಗಿತ್ತು. ಸಹಕಾರನಗರದ ಪಾರ್ಕಿನಲ್ಲಿ ಮೊದಲ ದಿನ ಎರಡು ಸುತ್ತಿಗೇ ಚಪ್ಪಲಿ ಕಚ್ಚಿ ಬೊಕ್ಕೆ ಎದ್ದಿತು. ನಯನಾ ಶೂ ತಂದಳು. ಸೀರೆಯ ಕೆಳಗೆ ಗುಲಾಬಿ ಗೆರೆಯ ಶೂ ಹಾಕಿಕೊಂಡು ಹೊರಗೆ ಕಾಲಿಡಲು ಗಂಗರತ್ನಮ್ಮನಿಗೆ ಎರಡು ದಿನ ಬೇಕಾಯಿತು. ಯಾರಾದರೂ ಸಿಕ್ಕಿ ಏನು ಈ ಕಡೆ ಎಂದರೆ ಮಂಡಿನೋವು ಎನ್ನುತ್ತಿದ್ದರು. ಒಂದೂವರೆ ತಿಂಗಳಲ್ಲಿ ಆರು ಸುತ್ತು ಆಯಿತು. ರವಿಕೆಗಳು ಸಡಿಲವಾದವು. ಮೇಲಿನ ಮನೆಯವರೊಂದಿಗೆ ಮಾತಾಡಲು ಮೆಟ್ಟಿಲು ಹತ್ತಿಕೊಂಡೇ ಹೋಗತೊಡಗಿದರು. ಬಾಡಿಗೆಯವರಿಗೆ ಇದು ಅಷ್ಟೇನೂ ಇಷ್ಟವಾಗಲಿಲ್ಲ.

ಎರಡು ತಿಂಗಳಾದಾಗ ಯಲಹಂಕದ ಒಂದು ಕಲ್ಯಾಣ ಮಂಟಪದಲ್ಲಿ ನಾದಿನಿಯ ಮೊಮ್ಮಗನ ನಾಮಕರಣ ಬಂತು. ತಪ್ಪಿಸುವ ಹಾಗಿರಲಿಲ್ಲ. ಊಟದ ಸಾಲಿನಲ್ಲಿ ಕೂತ ಮೇಲೆ ಗಂಗರತ್ನಮ್ಮ ಎದುರು ಸಾಲು ನೋಡಿದರು. ಅಲ್ಲಿ ಅವರ ವಾರಗಿತ್ತಿ ಮುನಿಕೃಷ್ಣಮ್ಮ ಕೂತಿದ್ದರು, ನರಸಿಂಹಯ್ಯನವರ ಅಣ್ಣನ ಹೆಂಡತಿ. ಎರಡೂ ಮನೆಗಳ ನಡುವೆ ಮೂರು ಬೀದಿ. ಆದರೆ ಈ ಇಬ್ಬರ ನಡುವೆ ಏಳು ವರ್ಷದಿಂದ ಮಾತಿರಲಿಲ್ಲ.

ಏಳು ವರ್ಷದ ಹಿಂದೆ ಗಂಗರತ್ನಮ್ಮನ ಹೊಸ ಮನೆಯ ಗೃಹಪ್ರವೇಶ. ಅಡುಗೆಯವರಿದ್ದರೂ ಒಬ್ಬಟ್ಟಿನ ಹೂರಣವನ್ನು ಅವರೇ ನಿಂತು ರುಬ್ಬಿಸಿ, ಅಕ್ಕ ಎಂದು ಕರೆಯುತ್ತಿದ್ದ ಈ ವಾರಗಿತ್ತಿಯ ಎಲೆಗೆ ತಾವೇ ಬಡಿಸಲು ಹೋಗಿದ್ದರು. ಮುನಿಕೃಷ್ಣಮ್ಮ ಎಲೆಗೆ ಕೈ ಅಡ್ಡ ಹಿಡಿದು, ಇವತ್ತು ಒಪ್ಪತ್ತು ಎಂದರು. ಒತ್ತಾಯಕ್ಕೆ ಹಾಕಿದ ಒಬ್ಬಟ್ಟು ಎಲೆಯ ತುದಿಯಲ್ಲಿ ಹಾಗೇ ಉಳಿಯಿತು. ಅನ್ನ ಸಾರು ಉಣ್ಣುವ ಒಪ್ಪತ್ತಿಗೆ ಒಬ್ಬಟ್ಟು ಮಾತ್ರ ಅಡ್ಡವೇ ಎಂದು ಗಂಗರತ್ನಮ್ಮನಿಗೆ ಮೈಯೆಲ್ಲ ಉರಿಯಿತು. ನಮ್ಮ ಮನೆ ಎದ್ದಿದ್ದು ಕೆಲವರಿಗೆ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ನೆಂಟರ ಮುಂದೆಯೇ ಹೇಳಿಬಿಟ್ಟರು. ಮುನಿಕೃಷ್ಣಮ್ಮ ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋದರು. ಅಣ್ಣತಮ್ಮಂದಿರು ಮಾತ್ರ ಹೋಟೆಲಿನಲ್ಲಿ ಸಿಕ್ಕಾಗ ಏನೂ ಆಗಿಲ್ಲವೆಂಬಂತೆ ಒಂದೇ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಿದ್ದರು.

ಈಗ ನಾಮಕರಣದ ಊಟದಲ್ಲಿ ಬಡಿಸುವವನು ಜಾಮೂನು ತಂದ. ಗಂಗರತ್ನಮ್ಮ ಹಲ್ಲುನೋವು ಎಂದರು. ಅವನು ಕೇಳದೆ ಒಂದು ಹಾಕಿಯೇ ಹೋದ. ಗಂಗರತ್ನಮ್ಮ ಅದನ್ನು ಎಲೆಯ ತುದಿಗೆ ಸರಿಸಿ, ಮೇಲೆ ಒಂದು ಹಪ್ಪಳದ ಚೂರು ಮುಚ್ಚಿದರು. ತಲೆ ಎತ್ತಿದಾಗ ಎದುರು ಸಾಲಿನಲ್ಲಿ ಮುನಿಕೃಷ್ಣಮ್ಮನ ಎಲೆ ಕಣ್ಣಿಗೆ ಬಿತ್ತು. ಅಲ್ಲೂ ತುದಿಯಲ್ಲಿ ಹಪ್ಪಳದ ಚೂರಿತ್ತು. ಅದರ ಅಡಿಯಿಂದ ಪಾಕ ಇಳಿಯುತ್ತಿತ್ತು.

ಆಮೇಲೆ ಏನು ಉಂಡರೋ ಗಂಗರತ್ನಮ್ಮನಿಗೆ ನೆನಪಿಲ್ಲ. ಕೈ ತೊಳೆಯುವ ನಲ್ಲಿಗಳ ಹತ್ತಿರ ಬೇಕೆಂದೇ ಅಕ್ಕನ ಪಕ್ಕ ಹೋಗಿ ನಿಂತರು.

"ಅಕ್ಕ, ಎಷ್ಟು ವರ್ಷ ಆಯ್ತು?"

ಮುನಿಕೃಷ್ಣಮ್ಮ ಒಂದು ಕ್ಷಣ ಯಾರನ್ನು ಕೇಳುತ್ತಿದ್ದಾಳೆ ಎಂಬಂತೆ ನೋಡಿದರು. "ಏನು ಎಷ್ಟು ವರ್ಸ?"

"ಶುಗರ್."

"ನಿಂಗ್ಯಾರು ಯೋಳಿದ್ರು?"

"ಯಾರೂ ಹೇಳ್ಲಿಲ್ಲ. ನಂಗೂ ಬಂದೈತೆ. ಎರಡು ತಿಂಗಳಾಯ್ತು."

ಮುನಿಕೃಷ್ಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಹಿಂದೆ ಜನ ಕಾಯುತ್ತಿದ್ದರಿಂದ ಇಬ್ಬರೂ ಪಕ್ಕಕ್ಕೆ ಸರಿದು, ಜೋಡಿಸಿಟ್ಟ ಕುರ್ಚಿಗಳ ಹತ್ತಿರ ನಿಂತರು.

"ನಿನ್ ಗೃಹಪ್ರವೇಶಕ್ಕೆ ನಾಕು ದಿನ ಮುಂಚೆ ಗೊತ್ತಾಯ್ತು" ಎಂದರು ಮುನಿಕೃಷ್ಣಮ್ಮ. "ಆಗ ಮಗಳಿಗೆ ಗಂಡು ನೋಡ್ತಿದ್ವಿ. ತಾಯಿಗೆ ಇಂಗೆ ಅಂದ್ರೆ ಉಡುಗೀಗೂ ಬತ್ತದೆ ಅಂತಾರೆ. ಅಷ್ಟು ಜನದ ಮುಂದೆ ಎಂಗೆ ಯೋಳ್ಲಿ? ನಾಳೆ ನಿಂಗೊಬ್ಳಿಗೆ ಯೋಳನ ಅಂತಿದ್ದೆ. ಅಷ್ಟ್ರಾಗೆ ನೀನು ಅಂದ್ಬುಟ್ಟೆ."

ಏಳು ವರ್ಷದಲ್ಲಿ ಗಂಗರತ್ನಮ್ಮ ಅಕ್ಕನಿಗೆ ಹೇಳಬೇಕೆಂದು ಮನಸ್ಸಿನಲ್ಲಿ ಎಷ್ಟೋ ಮಾತು ಕೂಡಿಟ್ಟಿದ್ದರು. ಅದರಲ್ಲಿ ಒಂದೂ ಈಗ ಕೆಲಸಕ್ಕೆ ಬರಲಿಲ್ಲ.

"ತಪ್ಪಾಯ್ತು ಅಕ್ಕ" ಎಂದರು.

ಮುನಿಕೃಷ್ಣಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿ, ತುಂಬಾ ಇಳಿದುಹೋಗಿದ್ದೀಯ, ಅದಕ್ಕೇ ಬಂದಾಗಿನಿಂದ ನೋಡುತ್ತಿದ್ದೆ ಎಂದರು. ಅಷ್ಟು ಸಾಕಾಯಿತು. ಇಬ್ಬರೂ ಎರಡು ಕುರ್ಚಿ ಎಳೆದುಕೊಂಡು ಕೂತು ಮುಕ್ಕಾಲು ಗಂಟೆ ಮಾತಾಡಿದರು. ಮಗುವಿಗೆ ಏನು ಹೆಸರಿಟ್ಟರೆಂದು ಮನೆಗೆ ಬಂದ ಮೇಲೆ ನರಸಿಂಹಯ್ಯ ಕೇಳಿದಾಗ ಗಂಗರತ್ನಮ್ಮನಿಗೆ ಗೊತ್ತಿರಲಿಲ್ಲ.

ಆದರೆ ಆ ಮಾತಿನಲ್ಲಿ ಹೊರಬಿದ್ದ ಸಂಗತಿ ಕೇಳಿ ಅವರಿಗೆ ದಿಗಿಲಾಗಿತ್ತು. ಮುನಿಕೃಷ್ಣಮ್ಮ ಕಾಯಿಲೆಯನ್ನು ಮಗ ಸೊಸೆಗೂ ಹೇಳಿರಲಿಲ್ಲ. ಗಂಡನಿಗೆ ಮಾತ್ರ ಗೊತ್ತು, ಅವರಿಗೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದರು. ಮಾತ್ರೆ ಸಾಸಿವೆ ಡಬ್ಬಿಯಲ್ಲಿರುತ್ತಿತ್ತು. ನೆನಪಾದ ದಿನ ನುಂಗುವುದು, ಸೊಸೆ ಅಡುಗೆಮನೆಯಲ್ಲಿದ್ದ ದಿನ ಬಿಡುವುದು. ರಕ್ತ ಪರೀಕ್ಷೆ ಮಾಡಿಸಿ ಒಂದೂವರೆ ವರ್ಷವಾಗಿತ್ತು. ಸಿಹಿ ಮುಟ್ಟುವುದಿಲ್ಲವಲ್ಲ, ಇನ್ನೇನು ಎನ್ನುವುದು ಅವರ ಧೈರ್ಯ. ಎರಡು ಮುದ್ದೆ ಮಾತ್ರ ಹಾಗೇ ನಡೆದಿತ್ತು.

ಮಾರನೆಯ ಬೆಳಿಗ್ಗೆ ಆರಕ್ಕೆ ಗಂಗರತ್ನಮ್ಮ ಶೂ ಹಾಕಿಕೊಂಡು ಅಕ್ಕನ ಮನೆ ಬಾಗಿಲಲ್ಲಿ ನಿಂತರು. ಬಾಗಿಲು ತೆರೆದ ಸೊಸೆ ಇವರನ್ನು ಕಂಡು ಗಾಬರಿಯಲ್ಲಿ ಅತ್ತೆಯನ್ನು ಕೂಗಿದಳು. ನಿಮ್ಮತ್ತೆಗೆ ಮಂಡಿನೋವಂತೆ, ನಡೆದರೆ ಒಳ್ಳೆಯದಂತೆ ಎಂದು ಅವಳಿಗೆ ಹೇಳಿ ಗಂಗರತ್ನಮ್ಮ ಅಕ್ಕನನ್ನು ಕರೆದುಕೊಂಡು ಹೊರಟರು. ಪಾರ್ಕಿನಲ್ಲಿ ಮುನಿಕೃಷ್ಣಮ್ಮನ ನಡಿಗೆ ನಿಧಾನ. ಗಂಗರತ್ನಮ್ಮನಿಗೋ ಗಡುವಿನ ಅವಸರ. ಆದ್ದರಿಂದ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ತಾವು ನಾಲ್ಕು ಸುತ್ತು ಬಿರುಸಾಗಿ ಮುಗಿಸಿ, ಆಮೇಲೆ ಇಬ್ಬರೂ ಸೇರಿ ಎರಡು ಸುತ್ತು ಹಾಕುತ್ತಿದ್ದರು. ಏಳು ವರ್ಷದ ಸುದ್ದಿ ಬಾಕಿಯಿದ್ದುದರಿಂದ ಎರಡು ಸುತ್ತು ಬೇಗ ನಾಲ್ಕಾಯಿತು. ಒಂದು ದಿನ ಅಕ್ಕನ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವರಿಗೆ ಗೊತ್ತೇ ಆಗದೆ ಹತ್ತು ಹೆಜ್ಜೆ ಬರಿಗಾಲಲ್ಲಿ ಬಂದಿದ್ದರು. ಪಾದ ಸ್ವಲ್ಪ ಜೋಮು ಅಷ್ಟೇ ಎಂದರು. ಗಂಗರತ್ನಮ್ಮ ಅಲ್ಲೇ ನಿಂತುಬಿಟ್ಟರು. ನನ್ನ ಪರೀಕ್ಷೆಯ ದಿನ ನೀವೂ ಬರಬೇಕು, ಬರದಿದ್ದರೆ ನಿಮ್ಮ ಸೊಸೆಗೆ ನಾನೇ ಹೇಳುತ್ತೇನೆ ಎಂದರು. ಮುನಿಕೃಷ್ಣಮ್ಮ ಇಡೀ ದಾರಿ ಮುನಿಸಿಕೊಂಡು ನಡೆದರು. ಮಾರನೆಯ ದಿನ ರಕ್ತ ಕೊಡಲು ಒಪ್ಪಿದರು.

ಮೂರು ತಿಂಗಳು ತುಂಬಿದ ಬೆಳಿಗ್ಗೆ ಇಬ್ಬರೂ ಕ್ಲಿನಿಕ್ಕಿನಲ್ಲಿದ್ದರು. ಗಂಗರತ್ನಮ್ಮನ ಸರಾಸರಿ ಆರು ಪಾಯಿಂಟ್ ಆರಕ್ಕೆ ಇಳಿದಿತ್ತು. ತೂಕ ಐದು ಕೆಜಿ ಕಡಿಮೆ. ಡಾಕ್ಟರ್ ಭಾಗ್ಯಶ್ರೀ ತುಂಬ ಸಂತೋಷಪಟ್ಟರು. ಸದ್ಯಕ್ಕೆ ಮಾತ್ರೆ ಬೇಡ, ಇದನ್ನೇ ಬಿಡದೆ ನಡೆಸಿಕೊಂಡು ಹೋಗಿ, ಮತ್ತೆ ಮೂರು ತಿಂಗಳಿಗೆ ಬನ್ನಿ ಎಂದರು. ಹಿಗ್ಗಲು ಗಂಗರತ್ನಮ್ಮನಿಗೆ ಪುರುಸೊತ್ತಿರಲಿಲ್ಲ. ಎದ್ದು ಬಾಗಿಲು ತೆರೆದು ಅಕ್ಕನನ್ನು ಒಳಗೆ ಕರೆದರು.

ಮುನಿಕೃಷ್ಣಮ್ಮನದು ಒಂಬತ್ತು ಪಾಯಿಂಟ್ ಎಂಟು. ಡಾಕ್ಟರು ಕಣ್ಣು ಮುಚ್ಚಿಸಿ ತೆಳ್ಳನೆಯ ನೈಲಾನ್ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿದರು. ಎಡಪಾದದಲ್ಲಿ ಎರಡು ಕಡೆ ಮುಟ್ಟಿದ್ದು ಅವರಿಗೆ ತಿಳಿಯಲಿಲ್ಲ. ಡಾಕ್ಟರು ಗದರಲಿಲ್ಲ. ಶುಗರಿಗೆ ಪಾದದ ನರ ಜಡವಾಗಿದೆ, ತಡವಾಗಿದೆ, ಆದರೆ ಕೈಮೀರಿಲ್ಲ ಎಂದರು. ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು, ಕಣ್ಣಿನ ಪರೀಕ್ಷೆ ಈ ವಾರವೇ ಆಗಬೇಕು, ಅಡುಗೆ ಮಾಡುವವರಿಗೆ ವಿಷಯ ಗೊತ್ತಿರಬೇಕು. ಕೊನೆಯ ಮಾತು ಹೇಳುವಾಗ ಡಾಕ್ಟರು ಗಂಗರತ್ನಮ್ಮನ ಮುಖ ನೋಡಿದರು. ಗಂಗರತ್ನಮ್ಮ ನೆಲ ನೋಡಿದರು. ಆಣೆ ಪ್ರಮಾಣಗಳಲ್ಲಿ ತಾವೇನೂ ಕಡಿಮೆಯಿರಲಿಲ್ಲವಲ್ಲ.

ಹೊರಗೆ ಮೆಟ್ಟಿಲ ಮೇಲೆ ಮುನಿಕೃಷ್ಣಮ್ಮ ಸ್ವಲ್ಪ ಹೊತ್ತು ಕೂತರು. ಆಮೇಲೆ ಚೀಲದಿಂದ ಫೋನು ತೆಗೆದು ಮಗನಿಗೆ ಮಾಡಿದರು.

"ಸುಬ್ರಮಣಿ, ನಂಗೆ ಶುಗರ್ ಐತೆ ಕಣಪ್ಪ. ಏಳು ವರ್ಸದಿಂದ."

ಆ ಕಡೆಯಿಂದ ಶುರುವಾದ ಬೈಗುಳ ಪಕ್ಕದಲ್ಲಿ ಕೂತಿದ್ದ ಗಂಗರತ್ನಮ್ಮನಿಗೂ ಸ್ಪಷ್ಟವಾಗಿ ಕೇಳಿಸಿತು. ಮುನಿಕೃಷ್ಣಮ್ಮ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕಾದರು. ಮಗ ಉಸಿರು ತೆಗೆದುಕೊಂಡಾಗ ಮತ್ತೆ ಕಿವಿಗಿಟ್ಟುಕೊಂಡು, ಕಾರು ತರುವುದು ಬೇಡ, ಚಿಕ್ಕಮ್ಮ ಜೊತೆಯಲ್ಲಿದ್ದಾಳೆ, ನಡೆದುಕೊಂಡೇ ಬರುತ್ತೇವೆ ಎಂದರು. ಇಬ್ಬರೂ ಎದ್ದು, ಮೊದಲು ಚಪ್ಪಲಿ ಅಂಗಡಿ ಹುಡುಕಿಕೊಂಡು ಹೊರಟರು.